ಹೆಜ್ಜೆ ಎಣಿಸಿ ಬರೆದ ನಕ್ಷೆ: ಚಾಂಗ್‌ಥಾಂಗ್ ಸರ್ವೆ

ಲಡಾಖ್‌ನ ಪೂರ್ವದಿಂದ ಟಿಬೆಟ್‌ನ ಒಳಗೆ ಹರಡಿರುವ ಚಾಂಗ್‌ಥಾಂಗ್ ಒಂದು ಶೀತ ಮರುಭೂಮಿ. ಬಹುಪಾಲು ನೆಲ 4,500 ಮೀಟರ್ ಆಸುಪಾಸಿನಲ್ಲಿದೆ. 1860ರ ದಶಕದ ಹೊತ್ತಿಗೆ ಬ್ರಿಟಿಷ್ ಸರ್ವೆಯವರು ಲಡಾಖ್‌ವರೆಗೆ ತ್ರಿಕೋನಗಳನ್ನು ಹೆಣೆದುಕೊಂಡು ಬಂದಿದ್ದರು, ಅಂದರೆ ಒಂದು ಬದಿಯ ಉದ್ದ ಅಳೆದು, ಮಿಕ್ಕ ದೂರಗಳನ್ನು ಕೋನಗಳಿಂದ ಲೆಕ್ಕ ಹಾಕುತ್ತ. (ಲ್ಯಾಂಬ್ಟನ್ ಎಂಬ ಬ್ರಿಟಿಷ್ ಅಧಿಕಾರಿ ಈ ಕೆಲಸಕ್ಕೆ ಕೈಹಚ್ಚಿ 1800ರಲ್ಲಿ ಬೇಸ್‌ಲೈನ್, ಅಂದರೆ ಆ ಮೊದಲ ಬದಿ, ಅಳೆದದ್ದು ನಮ್ಮ ಬೆಂಗಳೂರಿನ ಹತ್ತಿರವೇ.) ಗಡಿಯಾಚೆಗೆ ಯುರೋಪಿಯನ್ನರನ್ನೇ ಬಿಡುತ್ತಿರಲಿಲ್ಲ, ಇನ್ನು ಕೋನ ಅಳೆಯುವ ದೊಡ್ಡ ಉಪಕರಣ ಥಿಯೊಡೊಲೈಟ್ ಇಡೋದೆಲ್ಲಿ?

ಅದಕ್ಕೇ ಮಾಂಟ್‌ಗೊಮೆರಿ ಎಂಬ ಅಧಿಕಾರಿ ಗಡಿನಾಡಿನ ಜನರಿಗೆ ಸರ್ವೆ ಕಲಿಸುವ ಯೋಜನೆ ಹಾಕಿದ. ಅವರಲ್ಲಿ ಹೆಸರಾದವರು ಕುಮಾವೂಂನ ಮಿಲಮ್ ಊರಿನ ನೈನ್ ಸಿಂಗ್ ರಾವತ್. 1874ರ ಜುಲೈನಲ್ಲಿ ಲೇಹ್ ಬಿಟ್ಟು, ವೇಷ ಮರೆಸಿಕೊಂಡು ಚಾಂಗ್‌ಥಾಂಗ್ ಹಾದು ಲಾಸಾ ಮುಟ್ಟಿ, 1875ರಲ್ಲಿ ಅಸ್ಸಾಂ ಕಡೆ ಇಳಿದರು.

ದೂರ ಅಳೆದದ್ದು ಕಾಲಿನಿಂದ. ಏರಾಗಲಿ ಇಳಿಜಾರಾಗಲಿ, ಹೆಜ್ಜೆ ಒಂದೇ ಅಳತೆಯಲ್ಲಿ ಬೀಳುವ ಹಾಗೆ ಅಭ್ಯಾಸ ಮಾಡಿಸಿದ್ದರು. ಜಪಮಾಲೆಯಲ್ಲಿ 108ರ ಬದಲು 100 ಮಣಿ. ನೂರು ಹೆಜ್ಜೆಗೆ ಒಂದು ಮಣಿ ಜಾರಿಸಿದರೆ ಒಂದು ಸುತ್ತಿಗೆ 10,000 ಹೆಜ್ಜೆ, ಅಂದರೆ ಸುಮಾರು 8 ಕಿ.ಮೀ. ನೋಡಿದವರಿಗೆ ಸುಮ್ನೆ ಜಪ! ಲೆಕ್ಕ ಬರೆದ ಚೀಟಿ ಪ್ರಾರ್ಥನಾ ಚಕ್ರದೊಳಗೆ ಹೋಗುತ್ತಿತ್ತು.

ಎತ್ತರ ಅಳೆಯಲು ಕುದಿಯುವ ನೀರು. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಲೇಹ್‌ನಲ್ಲಿ ಕುಕ್ಕರ್ ಇಲ್ಲದೆ ಬೇಳೆ ಬೇಯಿಸಲು ಪರದಾಡಬೇಕಲ್ವಾ, ಅದೇ ಕಾರಣ. ಸುಮಾರು 300 ಮೀಟರ್ ಏರಿದರೆ ನೀರು ಕುದಿಯುವ ಬಿಸಿ 1 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. 4,500 ಮೀಟರ್‌ನಲ್ಲಿ ನೀರು ಕುದಿಯೋದು ಸುಮಾರು 85 ಡಿಗ್ರಿಗೆ. ಥರ್ಮಾಮೀಟರ್ ಓದುವಾಗ ಡಿಗ್ರಿಯ ಹತ್ತನೇ ಒಂದು ಭಾಗ ತಪ್ಪಿದರೂ ಬೆಟ್ಟ 30 ಮೀಟರ್ ಕುಗ್ಗುತ್ತದೆ, ಇಲ್ಲವೇ ಬೆಳೆಯುತ್ತದೆ! ಹಳೆಯ ನಕ್ಷೆಯ ಎತ್ತರ ಇವತ್ತಿನದಕ್ಕೆ ತಾಳೆಯಾಗದಿದ್ದರೆ ಮೊದಲು ಇದನ್ನು ನೆನಪಿಸಿಕೊಳ್ಳಿ.

ನನಗೆ ಜಾಸ್ತಿ ಇಷ್ಟವಾದದ್ದು ಅಕ್ಷಾಂಶದ ಉಪಾಯ. ಮಧ್ಯಾಹ್ನದ ಸೂರ್ಯ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದ್ದಾನೆ ಎಂಬುದರಿಂದ ಅಕ್ಷಾಂಶ ಸಿಗುತ್ತದೆ. ಆ ಕೋನ ಅಳೆಯುವ ಸೆಕ್ಸ್‌ಟೆಂಟ್‌ಗೆ ಸಮುದ್ರದಂಥ ನೇರ ದಿಗಂತ ಬೇಕು. ಸುತ್ತ ಬೆಟ್ಟಗಳಿರುವಲ್ಲಿ ಅದು ಎಲ್ಲಿಂದ ಬರಬೇಕು? ಕವಡೆಯೊಳಗೆ ಬಚ್ಚಿಟ್ಟು ತಂದ ಪಾದರಸವನ್ನು ಬಟ್ಟಲಿಗೆ ಸುರಿಯುತ್ತಿದ್ದರು. ಅದು ತಾನಾಗಿಯೇ ಸಮತಟ್ಟಾದ ಕನ್ನಡಿ. ಆಕಾಶದ ಸೂರ್ಯನಿಗೂ ಬಟ್ಟಲಿನ ಸೂರ್ಯನಿಗೂ ನಡುವಿನ ಕೋನ 120 ಡಿಗ್ರಿ ಬಂದರೆ, ಸೂರ್ಯ ಇರೋದು 60 ಡಿಗ್ರಿ ಎತ್ತರದಲ್ಲಿ. ಅರ್ಧ ಮಾಡೋದನ್ನು ಮರೆಯಬೇಡಿ, ನಾನು ಎರಡು ಸಲ ಮರೆತೆ.

ಕೊನೆಗೆ ನಕ್ಷೆ ಓದುವಾಗ: ಇದು ದಾರಿಯ ಸರ್ವೆ. ನಡೆದ ದಾರಿ, ಅಲ್ಲಿಂದ ಕಣ್ಣಿಗೆ ಬಿದ್ದ ಸರೋವರ, ಶಿಖರ ಇಷ್ಟೇ ಅದರಲ್ಲಿರುತ್ತವೆ. ಅಕ್ಕಪಕ್ಕದ ಬಿಳಿ ಜಾಗವನ್ನು ಬಯಲು ಅಂದುಕೊಳ್ಳಬೇಡಿ. ಅಲ್ಲಿಗೆ ಯಾರೂ ಹೋಗಿರಲಿಲ್ಲ, ಅಷ್ಟೇ.