ಯುದ್ಧನೌಕೆ ದಿಢೀರನೆ ಮುಳುಗಿದರೆ ಮೊದಲು ನೋಡಬೇಕಾದ್ದು ಏನು?

ಯುದ್ಧನೌಕೆ ಮುಳುಗಿತು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಹೊಡೆದವರು ಯಾರು? ಹಡಗಿನ ಒಡಲು ಕಟ್ಟುವ, ರಿಪೇರಿ ಮಾಡುವ ನಮ್ಮಂಥವರು ಮೊದಲು ನೋಡುವುದು ಉಕ್ಕಿನ ತಗಡನ್ನು. ಅದು ಎತ್ತ ಬಾಗಿದೆ? ಒಳಕ್ಕೋ, ಹೊರಕ್ಕೋ, ಮೇಲಕ್ಕೋ?

2010ರ ಮಾರ್ಚ್ 26ರ ರಾತ್ರಿ ದಕ್ಷಿಣ ಕೊರಿಯಾದ ಚೊನಾನ್ ನೌಕೆ ಎರಡು ತುಂಡಾಗಿ ಮುಳುಗಿತು. ಇದ್ದ 104 ಜನರಲ್ಲಿ 46 ಮಂದಿ ತೀರಿಕೊಂಡರು. ತಳ ನೆಲಕ್ಕೆ ತಾಗಿತು, ಹಳೇ ಉಕ್ಕು ದಣಿದು ಬಿರುಕು ಬಿಟ್ಟಿತು, ಒಳಗೇ ಏನೋ ಸಿಡಿಯಿತು ಅಂತ ನಾನಾ ಮಾತು ಬಂದವು. ಆದರೆ ಎರಡೂ ತುಂಡುಗಳನ್ನು ಮೇಲೆತ್ತಿ ನೋಡಿದಾಗ ತಳದ ತಗಡು ಮೇಲಕ್ಕೆ ಬಾಗಿತ್ತು. ತುಂಡಾದ ವೈರುಗಳಲ್ಲಿ ಬೆಂಕಿಯ ಗುರುತೇ ಇರಲಿಲ್ಲ. ಒಳಗೆ ಮದ್ದು ಸಿಡಿದಿದ್ದರೆ ಹೀಗಿರುತ್ತಿತ್ತಾ? ತಳದ ಕೆಳಗೆ ಟಾರ್ಪಿಡೊ (ನೀರಿನಡಿ ಸಾಗಿ ಬಂದು ಸಿಡಿಯುವ ಅಸ್ತ್ರ) ಸಿಡಿದಿದೆ, ಅದು ಉತ್ತರ ಕೊರಿಯಾದ್ದು ಎಂದು ಹಲವು ದೇಶಗಳ ತನಿಖಾ ತಂಡ ಹೇಳಿತು. ಉತ್ತರ ಕೊರಿಯಾ ಇವತ್ತಿಗೂ ಒಪ್ಪಿಲ್ಲ.

ಟಾರ್ಪಿಡೊ ಹಡಗಿಗೆ ಬಡಿಯಲೇಬೇಕು ಅಂತ ಏನಿಲ್ಲ. ಕೆಲವು ಮೀಟರ್ ಕೆಳಗೆ ಸಿಡಿದರೇ ಹಾನಿ ಜಾಸ್ತಿ. ಮೊದಲು ಆಘಾತದ ಅಲೆ ಬಂದು ಗುದ್ದುತ್ತದೆ, ಅದರ ಬೆನ್ನಿಗೇ ಅನಿಲದ ದೊಡ್ಡ ಗುಳ್ಳೆ ಉಬ್ಬಿ ಹಡಗಿನ ನಡುವನ್ನು ಮೇಲಕ್ಕೆತ್ತುತ್ತದೆ, ಗುಳ್ಳೆ ಕುಗ್ಗಿದಾಗ ನಡುವಿನ ಕೆಳಗೆ ಆಸರೆಯೇ ಇಲ್ಲದೆ ಹಡಗಿನ ಬೆನ್ನೆಲುಬು ಮುರಿಯುತ್ತದೆ. ಎಲ್ಲ ಕೆಲವೇ ಸೆಕೆಂಡುಗಳಲ್ಲಿ.

ಕೆಲವೊಮ್ಮೆ ನೀರು ಮೆಲ್ಲಗೆ ದಾರಿ ಹುಡುಕಿಕೊಳ್ಳುತ್ತದೆ. 2018ರಲ್ಲಿ ನಾರ್ವೆಯ ಹೆಲ್ಗೆ ಇಂಗ್ಸ್ಟಾಡ್ ಯುದ್ಧನೌಕೆಗೆ ಎಣ್ಣೆ ಟ್ಯಾಂಕರ್ ಡಿಕ್ಕಿಯಾದಾಗ, ಟೊಳ್ಳಾದ ಪ್ರೊಪೆಲ್ಲರ್ ಶಾಫ್ಟಿನೊಳಗಿಂದಲೇ ನೀರು ಮುಂದಿನ ಕೋಣೆಗೆ ಹರಿಯಿತು. ಕೋಣೆಯ ಬಾಗಿಲು ಹಾಕಿದರೂ ಶಾಫ್ಟಿನೊಳಗಿನ ಈ ದಾರಿ ಮುಚ್ಚುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಮೂರನೆಯ ಕಾರಣ, ಹಡಗಿನದೇ ಮದ್ದಿನ ಕೋಣೆ. 1898ರಲ್ಲಿ, ಆಗ ಸ್ಪೇನ್ ಆಳ್ವಿಕೆಯಲ್ಲಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ ಮೇನ್ ನೌಕೆ ಸಿಡಿದು 260ಕ್ಕೂ ಹೆಚ್ಚು ಜನ ಸತ್ತರು. ಹೊರಗೆ ನೀರಿನಡಿಯ ಸಿಡಿಗುಂಡು (ಮೈನ್) ಸಿಡಿದಿದೆ ಎಂದಿತು ಆಗಿನ ತನಿಖೆ. ಜನ ಸ್ಪೇನ್ ಕಡೆ ಬೆರಳು ತೋರಿಸಿದರು, ಯುದ್ಧವೂ ಆಯಿತು. 1976ರಲ್ಲಿ ಅಮೆರಿಕದ ನೌಕಾಪಡೆಯ ಅಡ್ಮಿರಲ್ ರಿಕೋವರ್ ತಂಡ ಮತ್ತೆ ಲೆಕ್ಕ ಹಾಕಿ, ಪಕ್ಕದ ಕಲ್ಲಿದ್ದಲು ಕೋಣೆಯ ಬೆಂಕಿಯ ಕಾವಿಗೆ ಮದ್ದು ಸಿಡಿದಿರುವ ಸಾಧ್ಯತೆಯೇ ಹೆಚ್ಚು ಎಂದಿತು. ಆದರೆ ಅವರ ಕೈಯಲ್ಲಿದ್ದದ್ದು ಹಳೇ ಫೋಟೊ, ನಕ್ಷೆ, ದಾಖಲೆ ಅಷ್ಟೇ. ತಗಡನ್ನು ಮುಟ್ಟಿ ನೋಡುವಂತಿರಲಿಲ್ಲ, 1912ರಲ್ಲೇ ಹಡಗನ್ನು ಆಳ ಸಮುದ್ರಕ್ಕೆ ಎಳೆದೊಯ್ದು ಮುಳುಗಿಸಿಬಿಟ್ಟಿದ್ದರು.