ಪದ ಪರಿಚಯ: ಔದ್ಯೋಗಿಕ ರೋಗ

ಮಾಡುವ ಕೆಲಸದಿಂದಲೇ ಅಂಟಿಕೊಳ್ಳುವ ಕಾಯಿಲೆಗೆ ಕಾನೂನಿನಲ್ಲಿ ಔದ್ಯೋಗಿಕ ರೋಗ ಅಂತ ಹೆಸರು. ಮೆಷಿನ್‌ಗೆ ಕೈ ಸಿಕ್ಕಿದರೆ ದಿನ, ಗಂಟೆ, ಕಣ್ಣಾರೆ ಕಂಡವರು ಎಲ್ಲ ಇರುತ್ತಾರೆ. ಕೆಮಿಕಲ್ ಹಾಗಲ್ಲ. ಅದು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಮೈಗೆ ಸೇರುತ್ತದೆ.

ಕ್ರೋಮ್ ಪ್ಲೇಟಿಂಗ್, ಅಂದರೆ ಲೋಹದ ಸಾಮಾನಿಗೆ ಕ್ರೋಮಿಯಂ ಲೇಪ ಹಚ್ಚುವ ಕೆಲಸವನ್ನೇ ನೋಡಿ. ಟ್ಯಾಂಕಿಗೆ ಕರೆಂಟ್ ಕೊಟ್ಟಾಗ ಗುಳ್ಳೆ ಎದ್ದು ಒಡೆಯುತ್ತವೆ, ಕ್ರೋಮಿಕ್ ಆಸಿಡ್‌ನ ಸಣ್ಣ ಹನಿಗಳು ಗಾಳಿಗೆ ಹಾರುತ್ತವೆ. ಅದನ್ನೇ ಉಸಿರಾಡುತ್ತಾ ಹೋದರೆ ಎರಡು ಹೊಳ್ಳೆಗಳ ನಡುವಿನ ಗೋಡೆ ಹುಣ್ಣಾಗಿ, ಕೊನೆಗೆ ತೂತೇ ಬೀಳಬಹುದು. ಎಷ್ಟೋ ಸಲ ನೋವೂ ಇರುವುದಿಲ್ಲ. ಮೂಗಿನಲ್ಲಿ ರಕ್ತ ಕಂಡರೆ ಉಷ್ಣ ಅಂತ ಸುಮ್ನಾಗಿಬಿಡುತ್ತಾರೆ.

ಇದು ಕೆಲಸದಿಂದಲೇ ಬಂತು ಅಂತ ಬಡ ಕೆಲಸಗಾರ ಹೇಗೆ ಸಾಬೀತು ಮಾಡಬೇಕು? ಅದಕ್ಕೇ 1923ರ ನೌಕರರ ಪರಿಹಾರ ಕಾಯಿದೆಯ ಮೂರನೇ ಅನುಸೂಚಿಯಲ್ಲಿ ಒಂದು ಪಟ್ಟಿ ಇತ್ತು. ಸೀಸ, ಪಾದರಸ, ಬೆಂಜೀನ್, ಕ್ರೋಮಿಯಂನಿಂದ ಬರುವ ಕಾಯಿಲೆಗಳೆಲ್ಲ ಅದರಲ್ಲಿದ್ದವು. ಆ ಕಾಯಿದೆಯ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅಂಥ ಪಟ್ಟಿ ಇದೆ. ಕ್ರೋಮಿಯಂನಂಥವಕ್ಕೆ ಕನಿಷ್ಠ 6 ತಿಂಗಳು ಸತತವಾಗಿ ಆ ಕೆಲಸ ಮಾಡಿರಬೇಕು. ಅಷ್ಟಿದ್ದು ಕಾಯಿಲೆಯೂ ಬಂದಿದ್ದರೆ, ಕೆಲಸದಿಂದಲೇ ಬಂತು ಅಂತ ಕಾನೂನು ಒಪ್ಪಿಕೊಳ್ಳುತ್ತದೆ. ಅಲ್ಲ ಅನ್ನುವುದಾದರೆ ಮಾಲೀಕರೇ ರುಜುವಾತು ಕೊಡಬೇಕು. ಕಾಯಿಲೆ ಪಟ್ಟಿಯಲ್ಲಿಲ್ಲದಿದ್ದರೆ ಮಾತ್ರ ಆ ಭಾರವೆಲ್ಲ ಕೆಲಸಗಾರರ ತಲೆಗೆ.

ಹಾಗಾಗಿ ಕೂಡಿಡಬೇಕಾದ್ದು ಆ ಕೆಲಸ ಮಾಡಿದ್ದಕ್ಕೆ, ಎಷ್ಟು ಕಾಲ ಮಾಡಿದ್ದಕ್ಕೆ, ಕಾಯಿಲೆಗೆ ಪುರಾವೆ. ಪೇ ಸ್ಲಿಪ್, ಪಿಎಫ್ ಪಾಸ್‌ಬುಕ್ ಇದ್ದರೆ ಸರಿ. ಕಾಂಟ್ರ್ಯಾಕ್ಟ್ ಮೇಲೆ ಇರುವವರಿಗೆ ಅವು ಸಿಗುವುದೇ ಕಷ್ಟ, ಅಲ್ವಾ? ಅವರು ಗೇಟ್ ಪಾಸ್, ಸಂಬಳ ಜಮೆಯಾದ ಬ್ಯಾಂಕ್ ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಜೊತೆಯವರ ಹೇಳಿಕೆಯೂ ಬೇಕಾಗುತ್ತದೆ. ಕ್ಯಾನ್ ಮೇಲಿನ ಲೇಬಲ್ಲಿನ ಫೋಟೋ ಒಂದಿದ್ದರೆ ಯಾವ ಕೆಮಿಕಲ್ ಅನ್ನೋದಕ್ಕೆ ಆಧಾರ ಸಿಗುತ್ತದೆ.

ತುಂಬಾ ಜನ ಮರೆಯುವುದು ಡಾಕ್ಟರ ಚೀಟಿಯನ್ನು. ‘ಮೂಗಿನಲ್ಲಿ ಗಾಯ’ ಅಂತಷ್ಟೇ ಬರೆದಿದ್ದರೆ ಸಾಲದು. ಯಾವ ಕೆಲಸ, ಎಷ್ಟು ವರ್ಷದಿಂದ, ಯಾವ ಕೆಮಿಕಲ್ ಹತ್ತಿರ ಅನ್ನುವುದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಇದನ್ನು ಮೊದಲ ಭೇಟಿಯಲ್ಲೇ ಮಾಡಿ. ಕೇಸು ಹಾಕಿದ ಮೇಲೆ ಬರೆಸಿದ್ದಕ್ಕೆ ಅಷ್ಟು ತೂಕ ಇರುವುದಿಲ್ಲ.

ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದವರು ಪರಿಹಾರ ಕೇಳಬೇಕಾದ್ದು ಮಾಲೀಕರನ್ನಲ್ಲ, ಇಎಸ್‌ಐ ನಿಗಮವನ್ನು.