ಓದುಗರ ಪ್ರಶ್ನೆ: ನೆರೆಯಲ್ಲಿ ಸೇನೆ ನೆರವಿಗೆ ಬಂದರೆ ಖರ್ಚು ಯಾರದು?

ಪ್ರಶ್ನೆ: ರಕ್ಷಣಾ ಇಲಾಖೆಗೆ ವರ್ಷವರ್ಷವೂ ಲಕ್ಷಾಂತರ ಕೋಟಿ ರೂಪಾಯಿ ಹೋಗುತ್ತದೆ. ಹಾಗಿರುವಾಗ ನೆರೆ, ಭೂಕುಸಿತಕ್ಕೆ ಹೆಲಿಕಾಪ್ಟರ್ ಕಳುಹಿಸಿದರೆ ರಾಜ್ಯ ಸರ್ಕಾರ ಏಕೆ ಹಣ ಕಟ್ಟಬೇಕು?

ಉತ್ತರ: ಕಟ್ಟಬೇಕೆಂಬ ನಿಯಮವಂತೂ ಇದೆ. ಆದರೆ ಆ ಹಣ ಎಲ್ಲಿಂದ ಬರುತ್ತದೆ ಎಂದು ನೋಡಿದರೆ ನಿಯಮ ಸರಿಯಿಲ್ಲ ಎನ್ನಿಸುತ್ತದೆ.

2025-26ರ ರಕ್ಷಣಾ ಬಜೆಟ್ ಸುಮಾರು 6.81 ಲಕ್ಷ ಕೋಟಿ ರೂಪಾಯಿ. ಅದರಲ್ಲಿ 1.60 ಲಕ್ಷ ಕೋಟಿ ಪಿಂಚಣಿಗೆ, 1.80 ಲಕ್ಷ ಕೋಟಿ ಹೊಸ ಶಸ್ತ್ರಾಸ್ತ್ರ, ವಿಮಾನ, ಹಡಗು ಮುಂತಾದವುಗಳಿಗೆ. ಉಳಿದದ್ದರಲ್ಲಿ ಸಂಬಳ, ಇಂಧನ, ದುರಸ್ತಿ ಎಲ್ಲವೂ ನಡೆಯಬೇಕು. ಹೆಲಿಕಾಪ್ಟರನ್ನು ಇಂತಿಷ್ಟು ಗಂಟೆ ಹಾರಿಸಿದ ಮೇಲೆ ಬಿಚ್ಚಿ ದುರಸ್ತಿ ಮಾಡಲೇಬೇಕಾಗುತ್ತದೆ. ವಿಪತ್ತಿನಲ್ಲಿ ಸೇನೆ ಬರುವುದು ನಾಗರಿಕ ಆಡಳಿತ ಕೋರಿದ ಮೇಲೆ. ಆದ್ದರಿಂದ ಕೋರಿದವರೇ ಖರ್ಚು ತುಂಬಲಿ ಎಂಬುದು ವಾಯುಪಡೆಯ ಬಿಲ್ಲಿನ ಹಿಂದಿರುವ ತರ್ಕ. ಕಿತ್ತಳೆ ಸಮವಸ್ತ್ರದ ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ) ಸಿಬ್ಬಂದಿಯನ್ನು ಇದರಲ್ಲಿ ಸೇರಿಸಬೇಡಿ. ಆ ಪಡೆ ಗೃಹ ಸಚಿವಾಲಯದ್ದು.

ರಾಜ್ಯ ಈ ಬಿಲ್ಲನ್ನು ಸಾಮಾನ್ಯವಾಗಿ ಭರಿಸುವುದು ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ. ಸಿಲುಕಿದವರನ್ನು ಪಾರುಮಾಡುವುದಕ್ಕೂ ಅಗತ್ಯವಸ್ತುಗಳನ್ನು ಮೇಲಿನಿಂದ ಇಳಿಸುವುದಕ್ಕೂ ವಾಯುಪಡೆ ಕಳುಹಿಸಿದ ಬಿಲ್ಲಿನಷ್ಟು ಹಣವನ್ನು ಅದರಿಂದ ಕೊಡಬಹುದು. ಈ ನಿಧಿಗೆ ಕರ್ನಾಟಕ, ಕೇರಳದಂತಹ ರಾಜ್ಯಗಳಲ್ಲಿ ಕೇಂದ್ರದ ಪಾಲು ಶೇ 75, ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಲ್ಲಿ ಶೇ 90. ‘ಮುಕ್ಕಾಲು ಪಾಲು ಕೇಂದ್ರದ್ದೇ ಆದ ಮೇಲೆ ರಾಜ್ಯಕ್ಕೇನು ನಷ್ಟ?’ ಎಂದು ವಾದಿಸುವವರಿದ್ದಾರೆ. ನಷ್ಟ ಇದೆ. ನಿಧಿಯ ಗಾತ್ರವನ್ನು ಹಣಕಾಸು ಆಯೋಗ ಮೊದಲೇ ಗೊತ್ತು ಮಾಡಿರುತ್ತದೆ. 2021ರಿಂದ 2026ರವರೆಗೆ ಎಲ್ಲ ರಾಜ್ಯಗಳಿಗೂ ಸೇರಿ ಸುಮಾರು 1.28 ಲಕ್ಷ ಕೋಟಿ ರೂಪಾಯಿ. ಮೃತರ ಕುಟುಂಬಕ್ಕೆ 4 ಲಕ್ಷ, ಬಯಲುಸೀಮೆಯಲ್ಲಿ ಪೂರ್ಣ ಬಿದ್ದ ಮನೆಗೆ 1.2 ಲಕ್ಷ, ಕೊಳೆತ ಬೆಳೆಗೆ ಪರಿಹಾರ, ಎಲ್ಲವೂ ಇದೇ ನಿಧಿಯಿಂದ ಬರಬೇಕು. ಹೆಲಿಕಾಪ್ಟರ್ ಎಷ್ಟು ಹಾರಿತೋ ಅಷ್ಟು ಸಂತ್ರಸ್ತರ ಪಾಲು ಕರಗಿತು. ತೀವ್ರ ವಿಪತ್ತಾದರೆ ಕೇಂದ್ರದ ರಾಷ್ಟ್ರೀಯ ವಿಪತ್ತು ನಿಧಿ ಕೈಹಿಡಿಯಬಹುದು, ಆದರೆ ಅದಕ್ಕೆ ಮನವಿ, ಅಧ್ಯಯನ ತಂಡ, ಉನ್ನತ ಸಮಿತಿ ಎಂದು ತಿಂಗಳುಗಳೇ ಬೇಕು.

ಕೇರಳದಲ್ಲಿ ಇದು ಬಯಲಿಗೆ ಬಂತು. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದು ಮುಂಡಕ್ಕೈ ಊರು ಸಂಪರ್ಕ ಕಳೆದುಕೊಂಡಾಗ, ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯೋಧರು ಹಗಲಿರುಳು ದುಡಿದು 190 ಅಡಿಯ ಬೈಲಿ ಸೇತುವೆಯನ್ನು (ಸಿದ್ಧ ಉಕ್ಕಿನ ಭಾಗಗಳನ್ನು ಜೋಡಿಸಿ ಕಟ್ಟುವ ತಾತ್ಕಾಲಿಕ ಸೇತುವೆ) ಆಗಸ್ಟ್ 1ರಂದು ಮುಗಿಸಿದರು. ಆ ದುಡಿಮೆಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ, 2019ರ ನೆರೆಯಿಂದ ವಯನಾಡಿನವರೆಗಿನ ವಾಯು ಕಾರ್ಯಾಚರಣೆಗೆಂದು ಸುಮಾರು 132.62 ಕೋಟಿ ರೂಪಾಯಿ ಕಟ್ಟುವಂತೆ ಕೇಂದ್ರ ಆ ರಾಜ್ಯಕ್ಕೆ ಪತ್ರ ಬರೆಯಿತು. ಮನೆ ಕಳೆದುಕೊಂಡವರ ಪುನರ್ವಸತಿಗೆ ಹಣ ಹೊಂದಿಸುತ್ತಿರುವ ಹೊತ್ತಿನಲ್ಲಿ ಹಳೆಯ ಬಿಲ್ಲುಗಳನ್ನು ಏಕೆ ಹೊರತೆಗೆದಿರಿ ಎಂದು ಕೇರಳ ಹೈಕೋರ್ಟ್ ಕೇಂದ್ರವನ್ನು ಪ್ರಶ್ನಿಸಿತು.

ನಮಗೂ ಇದು ದೂರದ ಮಾತಲ್ಲ. 2018ರಲ್ಲಿ ಕೊಡಗಿಗೆ ಸೇನೆ ಬಂತು. 2019ರಲ್ಲಿ ಗಂಗಾವತಿ ಬಳಿಯ ವಿರೂಪಾಪುರಗಡ್ಡೆಯಲ್ಲಿ ಸಿಲುಕಿದ್ದವರನ್ನು ವಾಯುಪಡೆಯ ಹೆಲಿಕಾಪ್ಟರ್ ಎತ್ತಿ ತಂದಿತು. 2024ರಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ನೌಕಾಪಡೆಯ ಮುಳುಗುಗಾರರು ಉಕ್ಕಿ ಹರಿಯುತ್ತಿದ್ದ ಗಂಗಾವಳಿಗೆ ಇಳಿದರು.

ಉಚಿತವೆಂದರೆ ರಾಜ್ಯಗಳು ತಮ್ಮ ದೋಣಿ, ಅಗ್ನಿಶಾಮಕ ದಳಗಳನ್ನು ಕಡೆಗಣಿಸಿ ಎಲ್ಲದಕ್ಕೂ ಸೇನೆಯನ್ನೇ ಕರೆಯುತ್ತವೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಹಾಗಾದರೆ ಗಡಿ ಹಾಕಿಕೊಳ್ಳಲಿ: ಜೀವ ಉಳಿಸುವ ಮೊದಲ ದಿನಗಳ ಹಾರಾಟದ ವೆಚ್ಚವನ್ನು ಕೇಂದ್ರವೇ ರಕ್ಷಣಾ ಇಲಾಖೆಗೆ ನೇರವಾಗಿ ತುಂಬಲಿ, ಆನಂತರದ್ದನ್ನು ರಾಜ್ಯ ಕೊಡಲಿ. 2023ರಲ್ಲಿ ತುರ್ಕಿಯ ಭೂಕಂಪಕ್ಕೆ ‘ಆಪರೇಷನ್ ದೋಸ್ತ್’, 2025ರಲ್ಲಿ ಮ್ಯಾನ್ಮಾರ್‌ಗೆ ‘ಆಪರೇಷನ್ ಬ್ರಹ್ಮ’ ನಡೆಸಿದಾಗ ಖರ್ಚು ಹೊತ್ತದ್ದು ಭಾರತವೇ. ಹೊರದೇಶದವರಿಗೆ ತೋರಿದ ಆ ಔದಾರ್ಯ ಕೊಡಗಿಗೂ ವಯನಾಡಿಗೂ ಸಲ್ಲಬೇಕು. ಇದಕ್ಕೆ ಸಂವಿಧಾನ ತಿದ್ದಬೇಕಾಗಿಲ್ಲ. ವಿಪತ್ತು ನಿಧಿಯ ವೆಚ್ಚದ ಮಾನದಂಡಗಳನ್ನು ಹೊರಡಿಸುವುದು ಕೇಂದ್ರ ಗೃಹ ಸಚಿವಾಲಯ. ವಾಯುಪಡೆಯ ಬಿಲ್ಲಿನ ಕುರಿತ ನಿಯಮವನ್ನು ಅಲ್ಲಿಯೇ ಬದಲಿಸಬಹುದು.